ಮೇಸ್ತ್ರಿ ಹೇಳಿದ ಬಣ್ಣ

ನೂಲಿಗೆ ಬಣ್ಣ ಹಾಕುವ ಆ ಕಾರ್ಖಾನೆಯಲ್ಲಿ ಒಂದು ಕಟ್ಟುನಿಟ್ಟಿನ ನಿಯಮ ಇತ್ತು. ಕುದಿಯುವ ತೊಟ್ಟಿಯಿಂದ ನೂಲಿನ ಲಡಿ ಮೇಲೆ ಬಂದಾಗ ಮೇಸ್ತ್ರಿ ಬಾಯಿ ಬಿಡುವ ಮುಂಚೆ ಬೇರೆ ಯಾರೂ ಬಣ್ಣದ ಮಾತೆತ್ತಬಾರದು. ಒಬ್ಬ 'ಕೆಂಪು ತುಸು ಜಾಸ್ತಿ' ಎಂದುಬಿಟ್ಟರೆ ಸಾಕು, ಪಕ್ಕದಲ್ಲಿ ನಿಂತ ಹತ್ತು ಜನಕ್ಕೂ ಕೆಂಪು ಜಾಸ್ತಿಯಾಗಿಯೇ ಕಾಣತೊಡಗುತ್ತದೆ. ಹಾಗಾಗಿ ಎಲ್ಲರೂ ಬಾಯಿಗೆ ಬೀಗ ಹಾಕಿಕೊಂಡು ನಿಲ್ಲುತ್ತಿದ್ದರು. ಮೇಸ್ತ್ರಿ ಲಡಿಯನ್ನು ಉತ್ತರದ ಕಿಟಕಿಗೆ ಹಿಡಿದು, ಹಿಂಡಿ, ಮತ್ತೆ ಹಿಡಿದು ತೀರ್ಪು ಕೊಡುತ್ತಿದ್ದರು. ಮೂವತ್ತೆಂಟು ವರ್ಷದಿಂದ ತೀರ್ಪು ಅವರದೇ.

ಈ ಕಟ್ಟುನಿಟ್ಟು ಅವರ ಹಿಂದೆಯೇ ಮನೆಗೂ ಬಂದು ಕೂತಿತ್ತು. ಸೊಸೆ ಮದುವೆಯಾಗಿ ಬಂದ ಹೊಸದರಲ್ಲಿ ಅಂಗಡಿಯಿಂದ ತಂದ ಪರದೆ ನೋಡಿ "ನೀಲಿ ಚೆನ್ನಾಗಿದೆ" ಎಂದಿದ್ದಕ್ಕೆ ಅತ್ತೆ ಮೊಣಕೈಯಿಂದ ತಿವಿದಿದ್ದರು. ಸೊಸೆ ರೈಲು ನಿಲ್ದಾಣದ ಟಿಕೆಟ್ ಕೌಂಟರಿನಲ್ಲಿ ಕೂರುವವಳು. ದಿನಕ್ಕೆ ಎಂಟು ನೂರು ಜನರ ಜೊತೆ ಬಾಯಿ ಮಾಡಿ ಅಭ್ಯಾಸವಾದವಳು ಪರದೆಯ ಬಣ್ಣ ಹೇಳಲು ಅಪ್ಪಣೆ ಕೇಳಬೇಕಾಯಿತು. ಗಂಡ ಅದೇ ಕಾರ್ಖಾನೆಯಲ್ಲಿ ಅಪ್ಪನ ಕೈಕೆಳಗಿನವನು. ಅವನಿಗೆ ಇದೇನೂ ವಿಚಿತ್ರ ಅನ್ನಿಸಿರಲಿಲ್ಲ.

ಒಂದು ಭಾನುವಾರ ಬೆಳಿಗ್ಗೆ ಮೇಸ್ತ್ರಿ ಚಹಾದ ಲೋಟ ಕೆಳಗಿಟ್ಟು, ಬಲ ಪಕ್ಕೆ ಹಿಡಿದುಕೊಂಡು ಗೋಡೆಗೆ ಒರಗಿದರು. ಹಣೆಯಲ್ಲಿ ಬೆವರು. ಅತ್ತೆಗೆ ಕೇಳಬೇಕಾದ ಅಗತ್ಯವೇ ಇರಲಿಲ್ಲ. ಒಂಬತ್ತು ವರ್ಷದ ಹಿಂದೆ ಎಡಗಡೆ ಹೀಗೆಯೇ ಶುರುವಾಗಿತ್ತು. ಕಲ್ಲು ತೆಗೆಯಲು ಕತ್ತರಿಸಿದರು, ಕೀವಾಯಿತು, ಕೊನೆಗೆ ಎಡ ಕಿಡ್ನಿಯನ್ನೇ ತೆಗೆದು ಹಾಕಿದರು. ಈಗ ಇರುವುದು ಬಲಗಡೆಯದೊಂದೇ.

"ಸತ್ತರೂ ಸರಿ, ಇನ್ನೊಂದ್ಸಲ ಕತ್ತಿ ಮುಟ್ಟಿಸಲ್ಲ," ಎಂದರು ಮೇಸ್ತ್ರಿ ಹಲ್ಲು ಕಚ್ಚಿಕೊಂಡು.

"ಸಾಯೋ ಮಾತು ಆಮೇಲೆ ಆಡಿ. ಮೊದಲು ಚಪ್ಪಲಿ ಹಾಕ್ಕೊಳ್ಳಿ," ಎಂದರು ಅತ್ತೆ.

ಆಸ್ಪತ್ರೆಯಲ್ಲಿ ಸ್ಕ್ಯಾನ್ ಆಯಿತು, ಎಕ್ಸ್-ರೇ ಆಯಿತು, ಮೂತ್ರ, ರಕ್ತ ಆಯಿತು. ಕಿಡ್ನಿ ಡಾಕ್ಟರ್ ನಲವತ್ತರ ಹೆಂಗಸು, ಮಾತು ಕಮ್ಮಿ. ಪರದೆಯ ಮೇಲೆ ಒಂದು ಬಿಳಿ ಚುಕ್ಕೆ ತೋರಿಸಿದರು. "ಹದಿನಾಲ್ಕು ಮಿಲಿಮೀಟರ್. ಆದರೆ ನನಗನ್ನಿಸೋ ಪ್ರಕಾರ ಇದು ಯೂರಿಕ್ ಆಮ್ಲದ ಕಲ್ಲು. ಕಲ್ಲುಗಳಲ್ಲೂ ಜಾತಿ ಇದೆ. ಮಿಕ್ಕವು ಕರಗಲ್ಲ, ಈ ಜಾತಿ ಔಷಧಿಗೆ ಕರಗುತ್ತೆ."

"ಹೊರಗೆ ತೆಗೀದೆ, ಕಣ್ಣಲ್ಲಿ ನೋಡದೆ ಜಾತಿ ಹೇಗೆ ಹೇಳ್ತೀರಿ?" ಮೇಸ್ತ್ರಿಯ ದನಿಯಲ್ಲಿ ಅನುಮಾನಕ್ಕಿಂತ ವೃತ್ತಿಯ ಕುತೂಹಲ ಜಾಸ್ತಿ.

"ಮೂರು ಗುರುತು ನೋಡಿ. ಸ್ಕ್ಯಾನಿನಲ್ಲಿ ಕಾಣೋ ಕಲ್ಲು ಎಕ್ಸ್-ರೇಲಿ ಕಾಣ್ತಾ ಇಲ್ಲ. ಅದು ಎಷ್ಟು ಗಟ್ಟಿ ಅಂತ ಸ್ಕ್ಯಾನೇ ಒಂದು ಸಂಖ್ಯೆ ಕೊಡುತ್ತೆ, ನಿಮ್ಮದು ನಾನೂರರ ಒಳಗೇ ಇದೆ, ಮೆತ್ತಗಿದೆ. ಇನ್ನು ಮೂತ್ರ ಸಿಕ್ಕಾಪಟ್ಟೆ ಹುಳಿ. ಮೂರೂ ಒಂದೇ ಕಡೆ ಬೆರಳು ತೋರಿಸ್ತಿವೆ. ನೀವೇನು ಕೆಲಸ ಮಾಡೋದು?"

"ನೂಲಿಗೆ ಬಣ್ಣ."

"ಒದ್ದೆ ನೂಲು ನೋಡಿ, ಒಣಗಿದ ಮೇಲೆ ಯಾವ ಬಣ್ಣ ಬರುತ್ತೆ ಅಂತ ಹೇಳ್ತೀರಲ್ಲ? ಇದೂ ಹಾಗೇ. ಊಹೆ. ಆದರೆ ಸುಮ್ಮನೆ ಅಲ್ಲ."

ಮೇಸ್ತ್ರಿಗೆ ಡಾಕ್ಟರ್ ಇಷ್ಟವಾದದ್ದು ಆ ಮಾತಿಗೆ. ಒಂದು ಬಾಟಲಿ ಸಿರಪ್, ಒಂದು ಡಬ್ಬಿ ಕಾಗದದ ಪಟ್ಟಿ ಕೊಟ್ಟರು. ದಿನಕ್ಕೆ ಮೂರು ಸಲ ಪಟ್ಟಿಯನ್ನು ಮೂತ್ರದಲ್ಲಿ ಅದ್ದಿ, ಬಣ್ಣವನ್ನು ಡಬ್ಬಿಯ ಮೇಲಿನ ಬಣ್ಣಗಳ ಪಕ್ಕ ಇಟ್ಟು ಅಂಕಿ ಓದಬೇಕು. ಆರೂವರೆಯಿಂದ ಏಳರ ಒಳಗೆ ಇರಬೇಕು. ಕಮ್ಮಿ ಬಂದರೆ ಹುಳಿ ಇನ್ನೂ ಇದೆ ಎಂದು, ಸಿರಪ್ ಒಂದು ಅಳತೆ ಜಾಸ್ತಿ; ಏಳು ದಾಟಿದರೆ ಕಡಿಮೆ.

"ಏಳು ದಾಟಿದರೂ ತೊಂದರೆನೇ," ಎಂದರು ಡಾಕ್ಟರ್. "ಕಲ್ಲಿನ ಮೇಲೆ ಬೇರೆ ಜಾತಿಯ ಸಿಪ್ಪೆ ಕಟ್ಟಿಕೊಂಡುಬಿಟ್ಟರೆ ಔಷಧಿ ಒಳಗೆ ಇಳಿಯಲ್ಲ. ಇರೋದು ಒಂದೇ ಕಿಡ್ನಿ. ಮೂತ್ರ ಕಟ್ಟಿದರೆ, ಜ್ವರ ಬಂದರೆ ಅರ್ಧ ಗಂಟೆನೂ ಕಾಯಬೇಡಿ. ಕರಗದಿದ್ದರೆ ಕತ್ತರಿಸದೆ ವಿಧಿಯಿಲ್ಲ."

"ಪಟ್ಟಿ ಓದೋದು ನನಗೆ ಹೇಳಿಕೊಡಬೇಕಾ?" ಮೇಸ್ತ್ರಿ ನಕ್ಕರು. ತೊಟ್ಟಿಯ ನೀರು ಹುಳಿಯೋ ಅಲ್ಲವೋ ಎಂದು ನೋಡಲು ಕಾರ್ಖಾನೆಯಲ್ಲೂ ಅಂಥದೇ ಪಟ್ಟಿ. "ಮೂವತ್ತೆಂಟು ವರ್ಷದಿಂದ ಅದೇ ನೋಡ್ತಿದ್ದೀನಿ."

ಮನೆಯ ದಿನಚರಿ ಕಲ್ಲಿನ ಸುತ್ತ ತಿರುಗತೊಡಗಿತು. ಅತ್ತೆ ಮಾಂಸ ನಿಲ್ಲಿಸಿದರು, ಮೀನು ನಿಲ್ಲಿಸಿದರು, ಒಂದೊಂದು ಗಂಟೆಗೆ ಒಂದೊಂದು ಲೋಟ ನೀರು ತಂದು ಮೇಸ್ತ್ರಿಯ ಮೂಗಿನ ಕೆಳಗೆ ಹಿಡಿದರು. "ನನ್ನನ್ನೇನು ತೊಟ್ಟಿ ಅಂದುಕೊಂಡಿದ್ದೀಯಾ?" ಎಂದು ಅವರು ಗೊಣಗಿದರೆ, "ತೊಟ್ಟಿ ಹೇಳಿದ ಮಾತು ಕೇಳುತ್ತೆ," ಎನ್ನುತ್ತಿದ್ದರು. ಬಚ್ಚಲುಮನೆಯ ಒಳಗಿಂದ ಮೇಸ್ತ್ರಿ ಕೆಮ್ಮಿದರೂ ಹೊರಗೆ ಊಟಕ್ಕೆ ಕೂತವರ ಚಮಚ ನಿಲ್ಲುತ್ತಿತ್ತು. ಆಮೇಲೆ ಅವರು ಹೊರಗೆ ಬಂದು, ಬಾಗಿಲ ಪಕ್ಕದ ಕ್ಯಾಲೆಂಡರಿನಲ್ಲಿ ಪೆನ್ಸಿಲಿನಿಂದ ಅಂಕಿ ಬರೆಯುತ್ತಿದ್ದರು. ಆರು. ಆರು. ಐದೂವರೆ. ಆರು.

"ಮೇಲಕ್ಕೇ ಏರ್ತಾ ಇಲ್ಲವಲ್ಲ," ಎಂದು ಅತ್ತೆ ಕೈ ಹಿಸುಕಿಕೊಂಡರು.

"ಏರುತ್ತೆ. ಒಂದು ಅಳತೆ ಜಾಸ್ತಿ ಮಾಡಿದ್ದೀನಿ."

ಎರಡನೇ ವಾರ ರಾತ್ರಿ ಊಟಕ್ಕೆ ಬೇಯಿಸಿದ ತರಕಾರಿ, ಬೇಯಿಸಿದ ಆಲೂಗಡ್ಡೆ. ಮಗ ತಟ್ಟೆ ನೋಡಿದ, ಕ್ಯಾಲೆಂಡರ್ ನೋಡಿದ.

"ಅಪ್ಪ, ಇದೆಲ್ಲ ಆಗೋ ಹೋಗೋ ಮಾತಲ್ಲ. ಸುಮ್ಮನೆ ಆಪರೇಷನ್ ಮಾಡಿಸ್ಕೊಳ್ಳಿ. ಈಗ ಮುಂಚಿನ ಹಾಗಲ್ಲ, ಸಣ್ಣ ತೂತು ಮಾಡಿ ತೆಗೀತಾರೆ."

"ಆ ತೂತಿನಲ್ಲಿ ಈ ಕಿಡ್ನಿನೂ ಹೋದರೆ?"

"ಹೋಗಲ್ಲ ಅಪ್ಪ."

"ನಿನಗೆ ಯಾರು ಹೇಳಿದ್ದು? ಅವತ್ತೂ ಹೋಗಲ್ಲ ಅಂತಲೇ ಹೇಳಿದ್ದರು."

"ಒಂದಾರು ತಿಂಗಳು ಮನೆಯಲ್ಲಿ ಆರಾಮಾಗಿ ಇರಬಹುದು. ಕಾರ್ಖಾನೆ ನಾನು ನೋಡ್ಕೋತೀನಿ."

ಮೇಸ್ತ್ರಿ ಚಮಚ ಕೆಳಗಿಟ್ಟರು. "ನೀನು ನೋಡ್ಕೋತೀಯಾ? ಹೋದ ತಿಂಗಳು ವಾಪಸ್ ಬಂದ ಕಡುನೀಲಿ ಮಾಲು ಯಾರ ಕೈಗುಣ? ತೊಟ್ಟಿಗೆ ಹಾಕೋ ಸೋಡಾ ತೂಗೋಕೆ ಬರಲ್ಲ, ನನ್ನ ಕಿಟಕಿ ಹತ್ತಿರ ನಿಲ್ಲೋ ಆಸೆ ನೋಡು!"

ಮಗನ ಮುಖ ಕೆಂಪಗಾಯಿತು. ಬಾಯಿ ತೆರೆದ, ತಾಯಿಯ ಕಡೆ ನೋಡಿದ, ಮುಚ್ಚಿಕೊಂಡ. ಅತ್ತೆ ಅವನ ತಟ್ಟೆಗೆ ಬೇಡದಿದ್ದರೂ ಇನ್ನೆರಡು ಆಲೂಗಡ್ಡೆ ಹಾಕಿದರು. ಸೊಸೆ ಇದನ್ನು ನೋಡಿದಳು, ತಾಯಿ ಮಗ ಇಬ್ಬರೂ ಏನೋ ನುಂಗಿಕೊಳ್ಳುತ್ತಿದ್ದಾರೆ ಅನ್ನಿಸಿತು, ಏನೆಂದು ತಿಳಿಯಲಿಲ್ಲ.

ಮೂರು ವಾರಕ್ಕೆ ಮತ್ತೆ ಆಸ್ಪತ್ರೆ. ಮೇಸ್ತ್ರಿ, ಮಗ, ಸೊಸೆ ಮೂವರೂ ಕ್ಯಾಲೆಂಡರ್ ತೆಗೆದುಕೊಂಡು ಹೋದರು. ಡಾಕ್ಟರ್ ಹೊಸ ಸ್ಕ್ಯಾನನ್ನು ಹಳೆಯದರ ಪಕ್ಕ ಇಟ್ಟು ನೋಡಿದರು. ಕಲ್ಲು ಒಂದು ಕೂದಲೆಳೆಯಷ್ಟೂ ಸಣ್ಣಗಾಗಿರಲಿಲ್ಲ. ಅಂಚು ಮೊದಲಿಗಿಂತ ಗಟ್ಟಿಯಾಗಿತ್ತು.

"ನಿಮ್ಮ ಕ್ಯಾಲೆಂಡರಿನಲ್ಲಿ ಆರು, ಆರು ಅಂತಿದೆ. ನಮ್ಮ ಲ್ಯಾಬಿನಲ್ಲಿ ಇವತ್ತು ಎಂಟು ಬಂದಿದೆ," ಎಂದರು ಡಾಕ್ಟರ್. "ಎರಡರಲ್ಲಿ ಒಂದು ತಪ್ಪು. ಮನೆಯಲ್ಲಿ ಪಟ್ಟಿ ಯಾರು ಓದೋದು?"

"ನಾನೇ."

"ಹೌದಲ್ಲ, ಬಣ್ಣದ ಮೇಸ್ತ್ರಿ ನೀವು." ಡಾಕ್ಟರ್ ಹುಬ್ಬು ಗಂಟಿಕ್ಕಿದರು. "ಹಾಗಾದರೆ ಇಲ್ಲೇ ಬಾಟಲಿ ಅದಲುಬದಲಾಯ್ತೋ ಏನೋ. ಇನ್ನೊಂದು ಸಲ ಕೊಡ್ತೀರಾ?"

"ಯಾಕೆ, ನಾನು ಸುಳ್ಳು ಬರೀತಿದ್ದೀನಿ ಅಂತನಾ? ನಿಮ್ಮ ಯಂತ್ರ ಸರಿ ಮಾಡಿಸ್ಕೊಳ್ಳಿ."

ಡಾಕ್ಟರ್ ನಿಟ್ಟುಸಿರು ಬಿಟ್ಟರು. "ನೀವು ಬರೆದದ್ದು ನಿಜವಾದರೆ, ಇಷ್ಟು ಔಷಧಿಗೂ ಮೂತ್ರದ ಹುಳಿ ಇಳಿದಿಲ್ಲ ಅಂತಾಯ್ತು. ಲ್ಯಾಬಿನದು ನಿಜವಾದರೆ, ಜಾತಿ ಊಹಿಸಿದ್ದರಲ್ಲಿ ನಾನೇ ಎಡವಿರಬಹುದು. ಯಾವುದಾದರೂ ಹೆಚ್ಚು ದಿನ ಕಾಯೋದು ಒಳ್ಳೇದಲ್ಲ."

ಸೊಸೆ ಗಂಡನ ಕಡೆ ತಿರುಗಿದಳು. ಅವನು ನೆಲ ನೋಡುತ್ತಿದ್ದ. ನೆಲ ನೋಡುತ್ತಲೇ, "ಆಪರೇಷನ್ನಿಗೆ ದಿನ ಗೊತ್ತು ಮಾಡಿ ಡಾಕ್ಟ್ರೇ," ಎಂದ.

ಹನ್ನೆರಡನೇ ದಿನಕ್ಕೆ ಆಪರೇಷನ್ ನಿಗದಿಯಾಯಿತು. ಮೇಸ್ತ್ರಿ ಆಸ್ಪತ್ರೆಯ ಮೆಟ್ಟಿಲಿಳಿಯುವಾಗ ಕಂಬಿಯನ್ನು ಎರಡೂ ಕೈಯಲ್ಲಿ ಹಿಡಿದುಕೊಂಡಿದ್ದರು.

ಮನೆಗೆ ಬಂದ ಮೇಲೆ ಅತ್ತೆ ಒಲೆಯ ಮುಂದೆ ನಿಂತು ಅತ್ತರು. ಆಮೇಲೆ ಮೂಗೊರೆಸಿಕೊಂಡು ಗಂಡನ ಮೇಲೆ ಹರಿಹಾಯ್ದರು. "ಔಷಧಿ ಕುಡೀತಿಲ್ಲ ನೀವು. ಮೋರಿಗೆ ಚೆಲ್ತಿದ್ದೀರಿ. ಇಲ್ಲದಿದ್ದರೆ ಅಂಕಿ ಯಾಕೆ ಏರಲ್ಲ?"

"ಕುಡೀತಿದ್ದೀನಿ ಕಣೇ! ಹೇಳಿದ್ದಕ್ಕಿಂತ ಜಾಸ್ತಿನೇ ಕುಡೀತಿದ್ದೀನಿ!"

ಈ ಮಾತು ಸೊಸೆಯ ತಲೆಯಲ್ಲಿ ಕೂತುಬಿಟ್ಟಿತು. ಅವಳು ಕಪಾಟು ತೆಗೆದು ನೋಡಿದಳು. ತಿಂಗಳಿಗೆ ಬರಬೇಕಾದ ಸಿರಪ್ ಮೂರು ವಾರಕ್ಕೇ ತಳ ಕಂಡಿತ್ತು. ಮಾವ ಹಟಮಾರಿ ನಿಜ, ಆದರೆ ಮೋರಿಗೆ ಚೆಲ್ಲಿ ಕುಡಿದೆ ಅನ್ನುವ ಜನ ಅಲ್ಲ. ಕುಡಿದಿದ್ದರೆ ಆರು ಯಾಕೆ? ಲ್ಯಾಬಿನ ಎಂಟು ಎಲ್ಲಿಂದ ಬಂತು?

ಮರುದಿನ ಬೆಳಿಗ್ಗೆ ಅವಳ ಪಾಳಿ ಹತ್ತಕ್ಕೆ. ಮೇಸ್ತ್ರಿ ಬಚ್ಚಲುಮನೆಯಿಂದ ಹೊರಬರುವ ಹೊತ್ತಿಗೆ ಅವಳು ಕಾದು ನಿಂತಿದ್ದಳು. ಅವರು ಒದ್ದೆ ಪಟ್ಟಿಯನ್ನು ಕಿಟಕಿಯ ಬೆಳಕಿಗೆ ಹಿಡಿದು, ಕತ್ತು ವಾಲಿಸಿ, ಕಣ್ಣು ಕಿರಿದು ಮಾಡಿ ನೋಡಿದರು. ಡಬ್ಬಿ ಎಲ್ಲೂ ಕಾಣಲಿಲ್ಲ.

"ಮಾವ, ಅದು ನೀಲಿ," ಎಂದಳು ಸೊಸೆ.

ಒಲೆಯ ಹತ್ತಿರ ಅತ್ತೆಯ ಕೈಯಿಂದ ಸೌಟು ಜಾರಿ ಬಿತ್ತು. ಮಗ ಬೂಟಿನ ಲೇಸು ಕಟ್ಟುತ್ತಿದ್ದವನು ಹಾಗೇ ಬಗ್ಗಿ ಕೂತ.

"ಏನಂದೆ?"

"ಕಡು ಹಸಿರೂ ಅಲ್ಲ, ನೀಲಿ. ಎಂಟು."

"ಮೊದಲು ನಾನು ಹೇಳಬೇಕು."

"ಹಾಗಾದರೆ ಹೇಳಿ."

ಮೇಸ್ತ್ರಿ ಮತ್ತೆ ಪಟ್ಟಿ ನೋಡಿದರು. "ಹಳದಿಗೆ ಸ್ವಲ್ಪ ಹಸಿರು ಕೂಡಿದೆ. ಆರು. ನಿನ್ನೆ ಮೊನ್ನೆ ಬಂದವಳು ನನಗೆ ಬಣ್ಣ ಹೇಳಿಕೊಡ್ತೀಯಾ?"

ಅವಳು ಕಪಾಟಿನಿಂದ ಡಬ್ಬಿ ತಂದು ಅವರ ಕೈಗಿಟ್ಟಳು. "ಇದರ ಪಕ್ಕ ಇಟ್ಟು ನೋಡಿ ಮಾವ."

"ಚಿತ್ರ ನೋಡಿಕೊಂಡು ಓದೋಕೆ ನಾನೇನು ಎಳೆ ಮಗುನಾ?" ಎಂದರು. ಆದರೆ ಕೈ ತಾನಾಗಿ ಪಟ್ಟಿಯನ್ನು ಡಬ್ಬಿಯ ಮೇಲಿಟ್ಟಿತು. ಹೆಬ್ಬೆರಳು ಸಾಲಿನ ಮೇಲೆ ಒಂದೊಂದೇ ಮನೆ ದಾಟಿತು. ಆರು ದಾಟಿತು, ಏಳು ದಾಟಿತು. ಕೊನೆಯ ಮನೆಯಲ್ಲಿ ನಿಂತಿತು. ಡಬ್ಬಿಯ ನೀಲಿಯೂ ಅವರ ಕಣ್ಣಿಗೆ ಅದೇ ಮಂಕು ಹಳದಿ ಹಸಿರಾಗಿಯೇ ಕಾಣುತ್ತಿತ್ತು. ಆದರೆ ಅದರ ಕೆಳಗೆ ಅಚ್ಚಾಗಿದ್ದ ಅಂಕಿ ಎಂಟು.

ಮೇಸ್ತ್ರಿ ಪಟ್ಟಿ, ಡಬ್ಬಿ ಎರಡನ್ನೂ ಕಿಟಕಿಯ ಮೇಲಿಟ್ಟು ಕೋಣೆಗೆ ಹೋಗಿ ಬಾಗಿಲು ಹಾಕಿಕೊಂಡರು.

"ಮಾವನ ಕಣ್ಣು ಹೋಗಿದೆ," ಎಂದಳು ಸೊಸೆ ಮೆಲ್ಲಗೆ. ಇಬ್ಬರಲ್ಲಿ ಯಾರಿಗಾದರೂ ಆಶ್ಚರ್ಯವಾಯಿತೇ ಎಂದು ನೋಡಿದಳು. ಅತ್ತೆ ಸೌಟು ತೊಳೆಯುತ್ತಿದ್ದರು. ಗಂಡ ಇನ್ನೊಂದು ಬೂಟಿನ ಲೇಸಿಗೆ ಕೈ ಹಾಕಿದ್ದ. ಅವಳ ಪಿತ್ತ ನೆತ್ತಿಗೇರಿತು.

"ನಿಮಗೆ ಗೊತ್ತಿತ್ತು!"

"ಕೂಗಬೇಡ."

"ಎಷ್ಟು ದಿನದಿಂದ?"

"ಹತ್ತು ತಿಂಗಳು," ಎಂದ ಮಗ. "ಕಡುನೀಲಿಗೂ ಕಪ್ಪಿಗೂ ವ್ಯತ್ಯಾಸ ಗೊತ್ತಾಗ್ತಿಲ್ಲ. ಅವರು ಊಟಕ್ಕೆ ಹೋದಾಗ ನಾನು ತೊಟ್ಟಿಗೆ ಬಣ್ಣ ಸೇರಿಸಿ ಸರಿ ಮಾಡ್ತೀನಿ. ಹೋದ ತಿಂಗಳು ಆಗಲಿಲ್ಲ. ಮಾಲು ವಾಪಸ್ ಬಂತು. ಸೋಡಾ ನಾನೇ ತಪ್ಪು ತೂಗಿದ್ದು ಅಂತ ಮಾಲೀಕರಿಗೆ ಹೇಳಿದೆ."

"ಕಾಲುಚೀಲ," ಎಂದರು ಅತ್ತೆ ಬೆನ್ನು ತಿರುಗಿಸಿಕೊಂಡೇ. "ಒಂದು ಕಪ್ಪು, ಒಂದು ನೀಲಿ ಜೋಡಿ ಮಾಡಿ ಮಡಚಿಡ್ತಾರೆ. ಅವರು ಮಲಗಿದ ಮೇಲೆ ನಾನು ಬಿಡಿಸಿ ಸರಿಮಾಡಿ ಇಡ್ತೀನಿ. ಕಣ್ಣಿಗೆ ಪೊರೆ ಬಂದಿದೆ ಅಂತ ನನಗೆ ಗೊತ್ತು. ತೆಗೆಸೋದಕ್ಕೆ ಕತ್ತಿ ಅಂದರೆ ಮನೆ ಬಿಟ್ಟು ಓಡಿಹೋಗ್ತಾರೆ. ಹೇಗೆ ಹೇಳಲಿ?"

"ಪಟ್ಟಿನೂ ಬಣ್ಣ ಅಂತ ಇಬ್ಬರಿಗೂ ಹೊಳೀಲಿಲ್ವಾ?"

"ನನಗೆ ಹೊಳೀಲಿಲ್ಲ," ಎಂದರು ಅತ್ತೆ. ನಿಜವಾಗಿಯೂ ಹೊಳೆದಿರಲಿಲ್ಲ, ಅವರು ಮತ್ತೆ ಅಳತೊಡಗಿದರು. ಮಗ ಲೇಸಿನ ಗಂಟನ್ನೇ ನೋಡುತ್ತಿದ್ದ.

ಸೊಸೆ ಅವನ ಎದುರಿಗೆ ಬಂದು ನಿಂತಳು. "ನಿನ್ನೆ ಲ್ಯಾಬಿನ ಎಂಟು ಕೇಳಿದಾಗ ನಿಮಗೆ ಹೊಳೀತು. ಆದರೂ ದಿನ ಗೊತ್ತು ಮಾಡಿ ಅಂದಿರಿ."

"ನೀನು ಅಲ್ಲಿ ನಿಂತು ನೋಡಿಲ್ಲ!" ಮಗನ ದನಿ ಒಡೆಯಿತು. "ಹುಡುಗರು ಬೆನ್ನ ಹಿಂದೆ ನಗ್ತಾರೆ. ಇವತ್ತಲ್ಲ ನಾಳೆ ಮಾಲೀಕರು ಎಲ್ಲರೆದುರು ಅವರನ್ನ ಕಿಟಕಿಯಿಂದ ಇಳಿಸ್ತಾರೆ. ಆಪರೇಷನ್ ಆದರೆ ಆರು ತಿಂಗಳು ಮನೆಯಲ್ಲಿರ್ತಾರೆ, ಆಮೇಲೆ ಯಾರೂ ಕರೆಯಲ್ಲ. ಗೌರವವಾಗಿ ಮುಗಿಯುತ್ತೆ ಅಂದ್ಕೊಂಡೆ. ಇಷ್ಟೇ."

"ಗೌರವ ಉಳಿಸೋಕೆ ಇರೋ ಒಂದು ಕಿಡ್ನಿ ಕೊಡಬೇಕಾ?"

ಕೋಣೆಯ ಬಾಗಿಲು ತೆಳುವಾದದ್ದು. ಎಲ್ಲ ಕೇಳಿಸಿರುತ್ತದೆ ಎಂದು ಮೂವರಿಗೂ ಒಟ್ಟಿಗೇ ಅರ್ಥವಾಯಿತು.

ಅವತ್ತೇ ಸೊಸೆ ಡಾಕ್ಟರಿಗೆ ಫೋನ್ ಮಾಡಿ ವಿಷಯ ಹೇಳಿದಳು. ಡಾಕ್ಟರ್, "ಡಬ್ಬಿಯ ಪಕ್ಕ ಇಟ್ಟು ನೋಡಿದ್ದರೆ ಆ ಕಣ್ಣಲ್ಲೂ ಹೆಚ್ಚುಕಮ್ಮಿ ಸರಿಯಾಗೇ ಓದ್ತಿದ್ದರು," ಎಂದರು. ಸಿರಪ್ ತಕ್ಷಣ ನಿಲ್ಲಿಸಲು, ರಕ್ತ ಪರೀಕ್ಷೆಗೆ ಕರೆತರಲು ಹೇಳಿದರು. ರಕ್ತ ಸದ್ಯ ಸರಿಯಿತ್ತು. ಆಪರೇಷನ್ ದಿನ ಆರು ವಾರ ಮುಂದಕ್ಕೆ ಹೋಯಿತು. "ಸಿಪ್ಪೆ ಇನ್ನೂ ತೆಳು ಇದೆ ಅನ್ಸುತ್ತೆ. ಎರಡು ದಿನ ಬಿಟ್ಟು ಕಮ್ಮಿ ಅಳತೆಯಲ್ಲಿ ಮತ್ತೆ ಶುರು ಮಾಡಿ. ನನ್ನ ಊಹೆಗೆ ಇನ್ನೊಂದು ಅವಕಾಶ ಕೊಡೋಣ. ಆದರೆ ಇದೇ ಕೊನೇದು."

ರಕ್ತ ಕೊಟ್ಟು ಬಂದ ಮೇಲೆ ಮೇಸ್ತ್ರಿ ಎರಡು ದಿನ ಕೋಣೆ ಬಿಟ್ಟು ಬರಲಿಲ್ಲ. ಕಾರ್ಖಾನೆಗೆ ರಜೆ ಹೇಳಿ ಕಳಿಸಿದರು. ಊಟದ ತಟ್ಟೆ ಕೋಣೆಗೆ ಹೋಗಿ ಅರ್ಧಕ್ಕರ್ಧ ವಾಪಸ್ ಬರುತ್ತಿತ್ತು. ಎರಡನೇ ದಿನ ಅತ್ತೆ ಒಣಗಿದ ಬಟ್ಟೆ ತೆಗೆಯಲು ಹೋದಾಗ ಕಾಲುಚೀಲಗಳು ಹಾಸಿಗೆಯ ಮೇಲೆ ಒಂದೊಂದೇ ಬಿಡಿಯಾಗಿ ಹರಡಿದ್ದವು, ಜೋಡಿ ಮಾಡಿರಲಿಲ್ಲ. "ನೀನೇ ಮಾಡು," ಎಂದರು ಮೇಸ್ತ್ರಿ ಗೋಡೆಯ ಕಡೆ ತಿರುಗಿ. ಅತ್ತೆ ಅಲ್ಲೇ ಕೂತು ಮಾಡಿದರು. ಮದುವೆಯಾಗಿ ಮೂವತ್ತಾರು ವರ್ಷದಲ್ಲಿ ಅಷ್ಟು ನಿಧಾನವಾಗಿ ಕಾಲುಚೀಲ ಮಡಚಿದ್ದು ಅದೇ ಮೊದಲು.

ಮೂರನೇ ದಿನ ಬೆಳಿಗ್ಗೆ ಸೊಸೆ ಬ್ರೆಡ್ಡಿಗೆ ಬೆಣ್ಣೆ ಸವರುತ್ತಿದ್ದಳು. ಮುಖದ ಮುಂದೆ ಒಂದು ಒದ್ದೆ ಪಟ್ಟಿ ಬಂತು.

"ತಿಂಡಿ ಹೊತ್ತಿಗಾ ಮಾವ!"

"ಹೇಳು."

ಅವಳು ಕೈ ಒರೆಸಿಕೊಂಡು ಡಬ್ಬಿ ತಂದಳು. "ತಿಳಿ ಹಸಿರು. ಆರೂವರೆ."

"ಸರಿಯಾಗಿ ನೋಡಿದೆಯಾ? ಬೆಳಕಿಗೆ ಬೆನ್ನು ಹಾಕಿ ನಿಂತಿದ್ದೀಯ. ತಿರುಗು."

ಅವಳು ತಿರುಗಿದಳು. "ಆರೂವರೆನೇ."

"ಹಾಗಾದರೆ ಒಂದೇ ಅಳತೆ." ಅವರು ತಾವೇ ಸಿರಪ್ ಅಳೆದು ಕುಡಿದರು. ಮುಖ ಹುಳಿ ಮಾಡಿಕೊಂಡು ಕ್ಯಾಲೆಂಡರಿನ ಪೆನ್ಸಿಲನ್ನು ಅವಳ ಕೈಗೆ ಕೊಟ್ಟರು.

ಅಲ್ಲಿಂದ ಮುಂದೆ ಪಟ್ಟಿ ಅವಳದು, ಅಳತೆ ಅವರದು. ಅವಳು ಪಾಳಿಗೆ ಹೋದಾಗ ಅತ್ತೆ ಓದುತ್ತಿದ್ದರು. ಮಗನ ಹತ್ತಿರ ಮಾತ್ರ ಮೇಸ್ತ್ರಿ ಪಟ್ಟಿ ಒಯ್ಯಲಿಲ್ಲ, ಮಾತೂ ಆಡಲಿಲ್ಲ. ಕಾರ್ಖಾನೆಗೆ ಇಬ್ಬರೂ ಒಂದೇ ಬಸ್ಸಿನಲ್ಲಿ ಹೋಗಿ, ಬೇರೆ ಬೇರೆ ಸೀಟಿನಲ್ಲಿ ಕೂರುತ್ತಿದ್ದರು. ಲಡಿಗಳನ್ನು ಮೇಸ್ತ್ರಿಯೇ ಕಿಟಕಿಗೆ ಹಿಡಿಯುತ್ತಿದ್ದರು. ಮಗ ಅವರು ಊಟಕ್ಕೆ ಹೋದಾಗ ತೊಟ್ಟಿಗೆ ಬಣ್ಣ ಸೇರಿಸುತ್ತಿದ್ದ. ಅವರಿಗೆ ಈಗ ಅದು ಗೊತ್ತು, ಅವರಿಗೆ ಗೊತ್ತೆಂದು ಅವನಿಗೂ ಗೊತ್ತು. ಹಾಗಾಗಿ ಮೇಸ್ತ್ರಿ ಮುಂಚೆ ಇಪ್ಪತ್ತು ನಿಮಿಷಕ್ಕೆ ಮುಗಿಸುತ್ತಿದ್ದ ಊಟವನ್ನು ಮುಕ್ಕಾಲು ಗಂಟೆ ಎಳೆಯತೊಡಗಿದರು.

ನಾಲ್ಕನೇ ವಾರದಲ್ಲಿ ಒಂದು ಸಂಜೆ ನೋವು ಬಂತು. ಮೇಸ್ತ್ರಿ ಬಚ್ಚಲುಮನೆಯ ನೆಲದಲ್ಲಿ ಕೂತುಬಿಟ್ಟರು. ಮಗ ಒಳಗೆ ನುಗ್ಗಿ ಅಪ್ಪನ ಕಂಕುಳಿಗೆ ಕೈ ಕೊಟ್ಟು ಎತ್ತಿದ.

"ಮೂತ್ರ ಬರ್ತಿದೆಯಾ ಅಪ್ಪ? ಹೇಳಿ, ಬರ್ತಿದೆಯಾ?"

"ಬರ್ತಿದೆ. ಬಿಡು."

"ಬಿಡಲ್ಲ. ಆಸ್ಪತ್ರೆಗೆ ನಡೀರಿ."

"ಕತ್ತರಿಸೋಕೆ ನಿನಗೆ ಇಷ್ಟು ಆತುರವಾ?"

ಮಗ ಅವರನ್ನು ಹಿಡಿದುಕೊಂಡೇ ಅತ್ತ. ಗಂಡಸರು ಗುಟ್ಟಾಗಿ ಅಳುವ ಹಾಗಲ್ಲ, ಬಾಯಿಬಿಟ್ಟು, ಮೂಗು ಸೋರಿಸಿಕೊಂಡು ಅತ್ತ. "ತಪ್ಪಾಯ್ತು ಅಪ್ಪ. ಹೇಳೋ ಧೈರ್ಯ ಇರಲಿಲ್ಲ ನನಗೆ."

ಮೇಸ್ತ್ರಿ ಹೆಗಲ ಮೇಲಿದ್ದ ಟವೆಲ್ ತೆಗೆದು ಮಗನ ಮುಖಕ್ಕೆ ಒತ್ತಿದರು. ಅರ್ಧ ಗಂಟೆಯೊಳಗೆ ಎಲ್ಲರೂ ಆಸ್ಪತ್ರೆಯಲ್ಲಿದ್ದರು. ಒಂದು ಸಣ್ಣ ಚೂರು ಜಾರಿ ಹೊರಗೆ ಹೋಗಿತ್ತು, ಅಷ್ಟೇ. ಸಿಪ್ಪೆ ಒಡೆದಿರಬೇಕು ಎಂದರು ಡಾಕ್ಟರ್, ಮೊದಲ ಸಲ ನಕ್ಕರು.

ಆರನೇ ವಾರದ ಸ್ಕ್ಯಾನಿಗೆ ನಾಲ್ವರೂ ಹೋದರು. ಹದಿನಾಲ್ಕು ಮಿಲಿಮೀಟರ್ ಇದ್ದದ್ದು ಐದಕ್ಕೆ ಇಳಿದಿತ್ತು. "ಉಳಿದದ್ದೂ ಕರಗುತ್ತೆ. ಜಾತಿ ಅದೇ," ಎಂದರು ಡಾಕ್ಟರ್. ಆಪರೇಷನ್ ಚೀಟಿ ಹರಿದು ಬುಟ್ಟಿಗೆ ಹಾಕಿದರು. ಅತ್ತೆ ಅಲ್ಲೇ ಕುರ್ಚಿಯಲ್ಲಿ ಕುಸಿದು ಕೂತರು.

ಹೊರಗೆ ಬಂದ ಮೇಲೆ ಮೇಸ್ತ್ರಿ ಎಲ್ಲರಿಗೂ ಚಹಾ ಕೊಡಿಸಿದರು. ಕಣ್ಣಿನ ಮಾತು ಯಾರೂ ಎತ್ತಲಿಲ್ಲ.

ಸೋಮವಾರ ಕಾರ್ಖಾನೆಯಲ್ಲಿ ಕಡುನೀಲಿಯ ದೊಡ್ಡ ಮಾಲು. ಲಡಿ ಮೇಲೆ ಬಂತು. ಕೆಲಸದವರು ಎಂದಿನಂತೆ ಅರ್ಧವೃತ್ತವಾಗಿ ನಿಂತರು. ಮಾಲೀಕರೂ ಬಂದು ನಿಂತಿದ್ದರು. ಮೇಸ್ತ್ರಿ ಲಡಿ ಹಿಂಡಿದರು, ಉತ್ತರದ ಕಿಟಕಿಗೆ ಹಿಡಿದರು. ಕತ್ತು ವಾಲಿಸಿ ಬಹಳ ಹೊತ್ತು ನೋಡಿದರು. ನೀರು ಮೊಣಕೈವರೆಗೆ ಇಳಿದು ಅಂಗಿ ಒದ್ದೆಯಾಯಿತು. ಹಿಂದೆ ಯಾರೋ ಕಿಸಕ್ಕೆಂದ ಸದ್ದಾಯಿತು. ಮಗ ಮುಷ್ಟಿ ಬಿಗಿ ಹಿಡಿದು ನಿಂತಿದ್ದ.

ಮೇಸ್ತ್ರಿ ಲಡಿಯನ್ನು ಇಳಿಸಿ, ಮಗನ ಕಡೆಗೆ ಚಾಚಿದರು.

"ನನ್ನ ಕಣ್ಣಿಗೆ ಪೊರೆ ಬಂದಿದೆ. ಬರೋ ವಾರ ತೆಗೆಸ್ತೀನಿ," ಎಂದರು ಎಲ್ಲರಿಗೂ ಕೇಳುವ ಹಾಗೆ. "ಮೊದಲು ನೀನು ಹೇಳು."

ಮಗ ಲಡಿ ತೆಗೆದುಕೊಂಡು ಕಿಟಕಿಯ ಹತ್ತಿರ ಹೋದ. ಹಿಂಡಿದ, ಎತ್ತಿ ಹಿಡಿದ. ಮಾಲೀಕರಿಗೆ ಏನೋ ಹೇಳಬೇಕೆನ್ನಿಸಿ ಬಾಯಿ ತೆರೆದರು.

"ಶ್," ಎಂದರು ಮೇಸ್ತ್ರಿ. "ಅವನು ಹೇಳೋವರೆಗೂ ಯಾರೂ ಮಾತಾಡೋ ಹಾಗಿಲ್ಲ."